ಸುಣ್ಣದ ಗೋಡೆಯ ಮೇಲೆ ಟೈಲ್ಸ್

ನರಗುಂದ
೨೯ ಜುಲೈ ೨೦೨೪

ಚಿ. ಸೌ. ಪದ್ಮಶ್ರೀಗೆ,

ಆಶೀರ್ವಾದ. ತಮ್ಮನ ಹೆಂಡತಿಗೆ ಬರೆಯುವಾಗ ಹೀಗೆ ಶುರು ಮಾಡಬೇಕೆಂದು ನಮ್ಮ ಮನೆಯಲ್ಲಿ ಕಲಿಸಿದ್ದಾರೆ, ಅದಕ್ಕೆ ಬರೆದೆ. ಇನ್ನು ಮುಂದಿನದೆಲ್ಲ ನನ್ನ ಸ್ವಂತದ್ದು.

ಫೋನಿನಲ್ಲಿ ಮಾತಾಡೋಣವೆಂದರೆ ಅವ್ವ ಪಕ್ಕದಲ್ಲೇ ಕೂತಿರುತ್ತಾಳೆ. ಹೋದ ಸಲ ನೀನು ಗಜೇಂದ್ರಗಡದಿಂದ ಕೂಗಿದ್ದು ನಮ್ಮ ಓಣಿಗೆಲ್ಲ ಕೇಳಿತು. ಅವ್ವ ಅರ್ಧ ಊಟಕ್ಕೆ ಎದ್ದಳು. ಅಂದೇ ನಿನ್ನ ನಂಬರ್ ಬ್ಲಾಕ್ ಮಾಡಿದೆ. ಪತ್ರವಾದರೆ ಸದ್ದು ಮಾಡುವುದಿಲ್ಲ, ಅವಳ ಕಣ್ಣಿಗೆ ಈಗ ಅಕ್ಷರವೂ ಹತ್ತುವುದಿಲ್ಲ. ಹೇಳುವುದಿದ್ದರೆ ಬರೆ.

ತಮ್ಮ ರಘು ನಿನ್ನೆ ಫೋನಿನಲ್ಲಿ ಇವರ ಮುಂದೆ ಬಾಯಿಬಿಟ್ಟ. ಅಡಿಗೆಮನೆಯಲ್ಲಿ ಒಲೆಯ ಹಿಂದಿನ ಗೋಡೆಗೆ ಟೈಲ್ಸ್ ಹಚ್ಚಲಿಕ್ಕೆ ಹೊರಟಿದ್ದೀಯಂತೆ. ಅದೂ ಗೌಂಡಿಯನ್ನು ಕರೆಯದೆ, ನೀನೇ, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು. ಸಾಲಿಯಲ್ಲಿ ಹುಡುಗರಿಗೆ ಲೆಕ್ಕ ಹೇಳಿಕೊಡುವುದು ಬಿಟ್ಟು ಗೌಂಡಿಯ ಕರಣಿ ಯಾವಾಗ ಹಿಡಿದೆ?

ಅದು ಯಾವ ಗೋಡೆ ಗೊತ್ತಿದೆಯಲ್ಲ ನಿನಗೆ? ಶ್ರಾವಣ ಶುಕ್ರವಾರದ ಗೌರಿಯನ್ನು ಅವ್ವ ಕೆಮ್ಮಣ್ಣಿನಿಂದ ಬರೆಯುವ ಗೋಡೆ. ಪ್ರತಿ ವರ್ಷ ಹಳೆಯ ಗೌರಿಯ ಮೇಲೆ ಸುಣ್ಣ ಹಚ್ಚಿ, ಹೊಸ ಗೌರಿಯನ್ನು ಬರೆಯುತ್ತಾಳೆ. ನಾನು ಹುಟ್ಟುವ ಮೊದಲಿನಿಂದ ನಡೆದು ಬಂದದ್ದು. ಅವ್ವ ನಮ್ಮ ಮನೆಗೆ ಬಂದು ಇನ್ನೂ ತಿಂಗಳಾಗಿಲ್ಲ, ಅಷ್ಟರಲ್ಲಿ ಆ ಗೋಡೆ ನಿನ್ನದಾಯಿತೇ?

ಅವಳ ಬಲಗೈಯ ಪಟ್ಟಿಯನ್ನು ದಿನಾ ನಾನೇ ಬಿಚ್ಚುತ್ತೇನೆ. ಒಗ್ಗರಣೆಗೆ ನೀನು ಕಾಯಿಸಿದ ಎಣ್ಣೆ ಚೆಲ್ಲಿತು ಎಂದು ಹೇಳುತ್ತಾಳೆ. ಮಣಿಕಟ್ಟಿನಿಂದ ಮೊಣಕೈವರೆಗೆ ಚೆಲ್ಲುವಷ್ಟು ಒಗ್ಗರಣೆಯನ್ನು ನೀವು ಯಾವ ಸಾರಿಗೆ ಹಾಕುತ್ತೀರಿ? ಮೊದಲು ಅವಳ ಕೈ ಸುಟ್ಟೆ, ಆಮೇಲೆ ಅವಳನ್ನು ಇಲ್ಲಿಗೆ ಅಟ್ಟಿದೆ, ಈಗ ಅಡಿಗೆಮನೆಗೆ ಕೈಹಾಕಿದ್ದೀ. ಚಲೋ ನಡೆಸಿದ್ದೀ.

ವಸುಧಾ


ಗಜೇಂದ್ರಗಡ
೨ ಆಗಸ್ಟ್ ೨೦೨೪

ವಸುಧಕ್ಕನವರಿಗೆ,

ನಮಸ್ಕಾರ. ನಿಮ್ಮ ಆಶೀರ್ವಾದ ಮುಟ್ಟಿತು. ತೂಕ ಸ್ವಲ್ಪ ಕಡಿಮೆ ಬಿತ್ತು, ಇರಲಿ.

ವರ್ಷಕ್ಕೊಮ್ಮೆ ಬಂದು, ಕಟ್ಟೆಯ ಮೇಲೆ ಕೂತು, ಅವಲಕ್ಕಿ ತಿಂದು ಹೋಗುವವರಿಗೆ ಆ ಗೋಡೆ ಭಾಳ ಪವಿತ್ರವಾಗಿ ಕಾಣುತ್ತದೆ. ದಿನಾ ಅದರ ಮುಂದೆ ನಿಲ್ಲುವವಳು ನಾನು. ಒಗ್ಗರಣೆಯ ಜಿಡ್ಡು ಅದಕ್ಕೆ ಹತ್ತಿದರೆ ಹೋಗುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಸುಣ್ಣವೇ ಬಟ್ಟೆಗೆ ಬರುತ್ತದೆ. ಬೇಸಿಗೆಯಲ್ಲಿ ಚಕ್ಕೆ ಎದ್ದು ಹುಳಿಯೊಳಗೆ ಬೀಳುತ್ತದೆ. ನಿಮ್ಮ ತಮ್ಮ ಅದನ್ನು ಕೊಬ್ಬರಿ ಎಂದುಕೊಂಡು ತಿಂದಿದ್ದಾರೆ. ಕೇಳಿ ನೋಡಿ ಬೇಕಾದರೆ.

ಗೌಂಡಿಯನ್ನು ಕರೆಯಲಿಲ್ಲ ಎಂದಿರಿ. ಕರೆದಿದ್ದೆ. ಹಾಲಸಿದ್ದಪ್ಪ ಬಂದವನೇ ಚೀಲದಿಂದ ಚಾಣ ತೆಗೆದ. "ಅಕ್ಕಾರ, ಈ ಸುಣ್ಣಾ ಪೂರಾ ಕಡೀಬೇಕ್ರಿ. ಇದರ ಮ್ಯಾಲ ಹಚ್ಚಿದ್ರ ನಿಂದ್ರಂಗಿಲ್ಲ" ಎಂದ. "ಹಂಗಾದ್ರ ಬ್ಯಾಡಪಾ" ಎಂದು ಕಳಿಸಿಬಿಟ್ಟೆ. ಯಾಕೆ ಕಳಿಸಿದೆ ಎಂದು ಕೇಳಿದ್ದರೆ ಹೇಳುತ್ತಿದ್ದೆ. ನೀವು ಕೇಳುವವರಲ್ಲ, ವಕೀಲರ ಮನೆಯವರು, ಸೀದಾ ತೀರ್ಪು ಕೊಡುವವರು.

ಇನ್ನು ಕೈಯ ಮಾತು. ಅದರ ಬಗ್ಗೆ ನಾನು ಒಂದಕ್ಷರವನ್ನೂ ಬರೆಯುವುದಿಲ್ಲ. ಅತ್ತೆಯವರು ಏನು ಹೇಳಿದ್ದಾರೋ ಅದೇ.

ಮೊದಲನೇ ಶುಕ್ರವಾರಕ್ಕೆ ಅವರನ್ನು ಕಳಿಸಿಕೊಡಿ. ರೋಣದಲ್ಲಿ ಬಸ್ಸು ಬದಲಿಸುವುದು ಕಷ್ಟವಾದರೆ ನಿಮ್ಮ ತಮ್ಮ ಬಂದು ಕರೆದುಕೊಂಡು ಬರುತ್ತಾರೆ.

ಪದ್ಮಶ್ರೀ


ನರಗುಂದ
೭ ಆಗಸ್ಟ್ ೨೦೨೪

ಪದ್ಮಶ್ರೀಗೆ,

ರಘು ಫೋಟೋ ಕಳಿಸಿದ. ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಕಡೆಗೆ ನಕ್ಕೆ. ಬಿಳಿ ಟೈಲ್ಸಿನ ನಟ್ಟನಡುವೆ ಒಂದು ಚೌಕ ಹಾಗೇ ಬಿಟ್ಟುಹೋಗಿದೆ! ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ಟೈಲ್ಸ್ ಸಾಲಲಿಲ್ಲವೋ, ಅಕ್ಕಲ್ ಸಾಲಲಿಲ್ಲವೋ? ಇವರಿಗೆ ತೋರಿಸಿದೆ. "ಅರ್ಧಕ್ಕ ಕೈಬಿಟ್ಟ ಕೇಸು ಇದು" ಎಂದು ಇವರೂ ನಕ್ಕರು.

ಅವ್ವನಿಗೆ ಫೋಟೋ ತೋರಿಸಿಲ್ಲ. ಅವಳು ನೋಡಿದರೆ ಎದೆ ಒಡೆದುಕೊಳ್ಳುತ್ತಾಳೆ. "ಶುಕ್ರವಾರಕ್ಕ ಊರಿಗೆ ಬಿಡ್ತೀಯೇನವಾ?" ಎಂದು ಬೆಳಗಾದರೆ ಕೇಳುತ್ತಾಳೆ. ಬಿಡುವುದಿಲ್ಲ ಎಂದು ಹೇಳಿಬಿಟ್ಟೆ. ಈ ಸಲದ ಗೌರಿ ಇಲ್ಲೇ. ಪೇಟೆಯಿಂದ ಚಂದದ ಗೌರಿ ಫೋಟೋ ತಂದು ಜಗುಲಿಯ ಮೇಲೆ ಇಡುತ್ತೇನೆ. ಬಾಗುವುದೂ ಬೇಡ, ಬರೆಯುವುದೂ ಬೇಡ. ಅವಳಿಗೆ ವಯಸ್ಸಾಗಿದೆ ಎನ್ನುವುದು ನಿನ್ನ ಕಣ್ಣಿಗೆ ಬಿದ್ದಿಲ್ಲ, ನನ್ನ ಕಣ್ಣಿಗೆ ಬಿದ್ದಿದೆ.

ನಿನ್ನೆ ಮಧ್ಯಾಹ್ನ ಅವಳು ನನ್ನ ಅಡಿಗೆಮನೆಗೆ ಬಂದು, ಎಡಗೈಯಿಂದ ಲೈಟರ್ ಹಿಡಿದು ಚಹಾಕ್ಕೆ ಇಡುತ್ತಿದ್ದಳು. ಕೈಯಿಂದ ಕಸಿದುಕೊಂಡೆ. ನೀನು ಅಲ್ಲಿ ದುಡಿಸಿಕೊಂಡದ್ದು ಸಾಕು, ಇಲ್ಲಿ ಕೂತು ಉಣ್ಣಲಿ.

ವಸುಧಾ


ಗಜೇಂದ್ರಗಡ
೧೨ ಆಗಸ್ಟ್ ೨೦೨೪

ವಸುಧಕ್ಕನವರಿಗೆ,

ಗಂಡ ಹೆಂಡತಿ ಕೂಡಿ ನಕ್ಕಿರಿ, ಸಂತೋಷ. ಆ ಚೌಕ ಗೌರಿಗೆ ಬಿಟ್ಟ ಜಾಗ. ಅತ್ತೆಯವರು ಬರೆಯುವ ಗೌರಿ ಎಷ್ಟು ಅಗಲ, ಎಷ್ಟು ಎತ್ತರ ಇರುತ್ತಾಳೆ ಎಂದು ಹೋದ ವರ್ಷದ ಗೆರೆಯ ಮೇಲೆ ದಾರ ಹಿಡಿದು ಅಳೆದು, ಅಷ್ಟನ್ನು ಬಿಟ್ಟು ಸುತ್ತ ಹಚ್ಚಿದೆ. ಹಾಲಸಿದ್ದಪ್ಪನನ್ನು ವಾಪಸು ಕಳಿಸಿದ್ದೂ ಅದಕ್ಕೇ. ಆ ಸುಣ್ಣದೊಳಗೆ ಇಷ್ಟು ವರ್ಷದ ಗೌರಿಯರು ಒಬ್ಬರ ಹಿಂದೆ ಒಬ್ಬರು ಕೂತಿದ್ದಾರೆ. ಅವರ ಮೋರೆಗೆ ಚಾಣ ಹಚ್ಚುವುದನ್ನು ನಿಂತು ನೋಡುವುದು ನನ್ನಿಂದ ಆಗಲಿಲ್ಲ. ಪವಿತ್ರ ಅನ್ನುವುದು ನಿಮ್ಮ ತವರುಮನೆಯವರಿಗೆ ಮಾತ್ರ ಗುತ್ತಿಗೆ ಕೊಟ್ಟದ್ದಲ್ಲ.

ಟೈಲ್ಸ್ ಚೆನ್ನಾಗಿ ನಿಂತಿವೆ. ನಿಮ್ಮ ಕಣ್ಣು ತಾಗದಿದ್ದರೆ ಇನ್ನೂ ನಿಲ್ಲುತ್ತವೆ.

ಮೊದಲನೇ ಶುಕ್ರವಾರ ಪಂಚಮಿಯ ದಿನವೇ ಬಂತು, ಚೌಕ ಖಾಲಿ ಇತ್ತು. ನಾನು ಬರೆಯಲಿಲ್ಲ. ಅದು ನನ್ನ ಕೆಲಸವಲ್ಲ. ನೀವು ಅಂಗಡಿಯ ಗೌರಿಯನ್ನು ತಂದಿರೇನು? ಅತ್ತೆಯವರು ಅದಕ್ಕೆ ಹಾಡು ಹಾಡಿದರೋ ಇಲ್ಲವೋ, ಅದನ್ನಷ್ಟು ಬರೆಯಿರಿ.

ಲೈಟರ್ ಕಸಿದುಕೊಂಡಿರಲ್ಲ, ಆಗ ಅವರ ಮುಖ ನೋಡಿದಿರೇನು?

ಪದ್ಮಶ್ರೀ


ನರಗುಂದ
೧೯ ಆಗಸ್ಟ್ ೨೦೨೪

ಪದ್ಮಶ್ರೀ,

"ಚೆನ್ನಾಗಿ ನಿಂತಿವೆ" ಎಂದು ನೀನು ಬರೆದ ದಿನ ಅವು ನೆಲದ ಮೇಲೆ ಇದ್ದವಂತೆ! ಹಿಂದಿನ ಸಂಜೆಯೇ ಇಡೀ ಸಾಲು ಸುಣ್ಣದ ಸಮೇತ ಕಿತ್ತು ಬಂದು ಅನ್ನದ ಪಾತ್ರೆಯ ಮೇಲೆ ಬಿತ್ತು ಎಂದು ರಘು ಹೇಳಿದ. ಗೌಂಡಿ ನಿಲ್ಲುವುದಿಲ್ಲ ಎಂದು ಹೇಳಿದರೂ ಹಚ್ಚಿದೆ. ಬಿದ್ದ ಮೇಲೂ ಸುಳ್ಳು ಬರೆದೆ. ಏನು ಗಟ್ಟಿ ಜೀವವೇ ನಿನ್ನದು! ನನ್ನ ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ದರೆ ಮೊದಲು ಬೇರೆಯವರೇ ಬೀಳುತ್ತಿದ್ದರು.

ಹಾಡಿನ ಬಗ್ಗೆ ಕೇಳಿದ್ದೀಯಲ್ಲ, ಹೇಳುತ್ತೇನೆ. ಹಾಡಲಿಲ್ಲ. ಫೋಟೋದ ಮುಂದೆ ಕೂತು ಕೈಮುಗಿದು ಎದ್ದಳು. ದಣಿದಿದ್ದಾಳೆ, ಅಷ್ಟೇ. ಅದರಲ್ಲಿ ನಿನಗೆ ಖುಷಿಪಡುವಂಥದ್ದು ಏನೂ ಇಲ್ಲ.

ಈಗ ನೇರ ಮಾತಿಗೆ ಬರುತ್ತೇನೆ. ಹಿಂದಿನ ಕೋಣೆಯನ್ನು ಅವ್ವನಿಗೆಂದು ತೆರವು ಮಾಡಿಸಿದ್ದೇನೆ. ಮಂಚ ಬಂದಿದೆ. ಅವಳು ಇನ್ನು ಇಲ್ಲೇ ಇರುತ್ತಾಳೆ, ಗೌರಿ ಗಣೇಶ ಮುಗಿಯುವವರೆಗೆ ಎಂದಲ್ಲ, ಯಾವಾಗಲೂ. ರಘುವಿಗೆ ಹೇಳಿದ್ದೇನೆ. ಅವನು "ನೋಡೋಣ" ಎಂದ. ಅವನ ನೋಡೋಣ ನನಗೆ ಗೊತ್ತು. ನಿನ್ನನ್ನು ಕೇಳದೆ ಅವನು ಉಸಿರೂ ಬಿಡುವುದಿಲ್ಲ.

ನಿನ್ನ ಕೈಗೆ ಕೊಟ್ಟ ಗೋಡೆಯೇ ನಿಲ್ಲಲಿಲ್ಲ, ನನ್ನ ಹೆತ್ತವ್ವನನ್ನು ಹೇಗೆ ಕೊಡಲಿ? ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಬರೆದರೆ ಬರೆ, ಇಲ್ಲದಿದ್ದರೆ ಇನ್ನು ಪತ್ರವೇ ಬೇಡ. ಆ ಎಣ್ಣೆ ಕೈತಪ್ಪಿ ಚೆಲ್ಲಿತೋ, ನೀನು ಸಿಟ್ಟಿನಿಂದ ಎತ್ತಿ ಸುರಿದೆಯೋ?

ವಸುಧಾ


ಗಜೇಂದ್ರಗಡ
೨೨ ಆಗಸ್ಟ್ ೨೦೨೪

ವಸುಧಕ್ಕ,

ಇವತ್ತು ನಮಸ್ಕಾರ ಇಲ್ಲ. ಅದಕ್ಕೆ ಕೈ ಏಳಲಿಲ್ಲ.

ಸಿಟ್ಟಿನಿಂದ ಸುರಿದೆನೇ ಎಂದು ಕೇಳಿದಿರಿ. ನಾಲಿಗೆಗೆ ಎಲುಬಿಲ್ಲ ಸರಿ, ನಿಮ್ಮ ಪೆನ್ನಿಗೂ ಇಲ್ಲವೇನು? ಈ ಮನೆಗೆ ಬಂದಾಗಿನಿಂದ ಅತ್ತೆಯವರ ಜೊತೆ ನಾನು ಜಗಳವಾಡಿದ್ದೇನೆ, ಬೈಸಿಕೊಂಡಿದ್ದೇನೆ, ಮಾತು ಬಿಟ್ಟಿದ್ದೇನೆ. ಸುಡುವವಳಾಗಿದ್ದರೆ ಇಷ್ಟು ವರ್ಷ ಕಾಯುತ್ತಿರಲಿಲ್ಲ. ಕೊಟ್ಟ ಮಾತನ್ನು ಇವತ್ತು ಮುರಿಯುತ್ತಿದ್ದೇನೆ. ಅದು ನಿಮ್ಮಿಂದಲೇ ಎಂದು ನೆನಪಿಡಿ.

ಎಣ್ಣೆ ಚೆಲ್ಲಲಿಲ್ಲ. ಆ ದಿನ ಒಲೆಯ ಮೇಲೆ ಎಣ್ಣೆಯೇ ಇರಲಿಲ್ಲ, ಹಾಲು ಇತ್ತು. ಆಷಾಢ ಹಿಡಿಯುವ ಮೊದಲೇ ಗೋಡೆಗೆ ಸುಣ್ಣ ಹಚ್ಚಿ ಮುಗಿಸಬೇಕೆಂದು ಅತ್ತೆಯವರು ಬೆಳಿಗ್ಗೆಯೇ ಕುಂಚ ಹಿಡಿದಿದ್ದರು. ನಾನು ಸಾಲಿಗೆ ಹೋಗುವ ಗಡಿಬಿಡಿಯಲ್ಲಿ ಡಬ್ಬಿ ಕಟ್ಟುತ್ತಿದ್ದೆ. "ಒಲಿ ಆರಿಸಿ ಹಚ್ರಿ" ಎಂದೆ. "ಹಾಲು ಕಾಯ್ಲಿ ತಡಿ, ನಿನಗ ಎಲ್ಲಾದಕ್ಕೂ ಅವಸರ" ಎಂದರು. ಉರಿಯುವ ಒಲೆಯ ಮೇಲಿಂದ ಬಾಗಿ ಗೋಡೆಗೆ ಕೈ ಚಾಚಿದರು. ಸೆರಗಿಗೆ ಉರಿ ಹತ್ತಿತು. ನಾನು ತಿರುಗುವುದರೊಳಗೆ ತೋಳಿಗೆ ಏರಿತ್ತು.

ನನ್ನ ಕೈಗೆ ಸಿಕ್ಕಿದ್ದು ಅವರ ಕಾಲ ಬಳಿ ಇದ್ದ ಬಕೆಟ್. ಎತ್ತಿ ಸುರಿದೆ. ಬೆಂಕಿ ಆರಿತು. ಆದರೆ ಅದು ನೀರಲ್ಲ, ಆಗಷ್ಟೇ ಅರಳಿಸಿದ ಸುಣ್ಣ. ಇನ್ನೂ ಬಿಸಿ ಇತ್ತು. ಬೆಂಕಿ ಮಾಡಿದ್ದು ಅರ್ಧ, ಸುಣ್ಣ ಮಾಡಿದ್ದು ಅರ್ಧ ಎಂದು ದವಾಖಾನೆಯಲ್ಲಿ ಡಾಕ್ಟರು ಹೇಳಿದರು. ಆ ಅರ್ಧ ನನ್ನದು. ನಾನು ಅದನ್ನು ಎಲ್ಲಿಯೂ ಅಲ್ಲಗಳೆದಿಲ್ಲ.

ಅಲ್ಲೇ ಮಲಗಿಕೊಂಡು ಅವರು ನನ್ನಿಂದ ಮಾತು ತಗೊಂಡರು. "ವಸುಧಾಗ ಬೆಂಕಿ ಹತ್ತಿದ್ದು ಹೇಳಬ್ಯಾಡ. ಹೇಳಿದ್ಯೋ, ಅಕಿ ನನ್ನ ಮತ್ತ ಒಲಿ ಮುಂದ ನಿಂದರಗೊಡಂಗಿಲ್ಲ. ಅಡಗಿ ಬಿಟ್ಟೆ ಅಂದ್ರ ನಾ ಬರೇ ಉಣ್ಣೋ ಬಾಯಿ ಆಗ್ತೀನಿ ಪದ್ಮಾ. ಎಣ್ಣಿ ಚೆಲ್ತು ಅನ್ನೋಣ. ನಿನ್ನ ಮ್ಯಾಲೆ ಬರ್ತದ, ಬರ್ಲಿ. ನೀ ತಡಕೋತಿ" ಎಂದರು. ತಡೆದುಕೊಂಡೆ. ನಿಮ್ಮ ಪತ್ರಗಳನ್ನೆಲ್ಲ ತಡೆದುಕೊಂಡೆ.

ಟೈಲ್ಸೂ ಅವರದೇ ಮಾತು. ಬಸ್ಸು ಹತ್ತಿ ಕೂತ ಮೇಲೆ ಕಿಟಕಿಯಿಂದ ಹೇಳಿದರು: "ನಾ ಬರೋದ್ರಾಗ ಆ ಗೋಡಿ ಒರಿಸಿದ್ರ ಹೋಗೋ ಹಂಗ ಮಾಡಿಟ್ಟಿರು. ಒಲಿ ಮ್ಯಾಲೆ ಬಾಗೋದು ತಪ್ತದ." ಸುಣ್ಣ ಕಡಿಯಬೇಡ ಎಂದು ಅವರು ಹೇಳಿರಲಿಲ್ಲ, ಅದು ನನ್ನ ಹೆಡ್ಡತನ. ಟೈಲ್ಸ್ ಬಿದ್ದದ್ದೂ ಖರೆ, ನಾನು ಸುಳ್ಳು ಬರೆದದ್ದೂ ಖರೆ. ನಿಮ್ಮ ಮುಂದೆ ಸೋಲಲಿಕ್ಕೆ ಮನಸ್ಸಾಗಲಿಲ್ಲ.

ಇನ್ನಾದರೂ ಅವರನ್ನು ಕಳಿಸಿಕೊಡಿ. ಕಡೆಯ ಶುಕ್ರವಾರ ಬಾಕಿ ಇದೆ.

ಪದ್ಮಶ್ರೀ


ನರಗುಂದ
೨೬ ಆಗಸ್ಟ್ ೨೦೨೪

ಪದ್ಮಶ್ರೀ,

ನಿನ್ನ ಪತ್ರ ಓದಿದೆ. ಇವರಿಗೂ ಓದಿ ಹೇಳಿದೆ. ಆಮೇಲೆ ಅವ್ವನ ಹತ್ತಿರ ಹೋಗಿ ಕೇಳಿದೆ. ಅವಳು ಇಲ್ಲ ಅನ್ನಲಿಲ್ಲ. "ಹೇಳಿಬಿಟ್ಟಳೇನ ಅಕಿ?" ಎಂದಳು. ಅಷ್ಟೇ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ನಿಜ ಹೇಳಿದ್ದಕ್ಕೆ ನಾನು ನಿನಗೆ ಶರಣು ಬರುತ್ತೇನೆ ಎಂದುಕೊಂಡಿದ್ದರೆ ಅದು ಆಗದ ಮಾತು. ಅವ್ವನ ಮೈಗೆ ಬೆಂಕಿ ಹತ್ತಿತ್ತು! ಅದನ್ನು ನೀವಿಬ್ಬರೂ ಕೂಡಿ ಹೆತ್ತ ಮಗಳಿಂದ ಮುಚ್ಚಿಟ್ಟಿರಿ. ಅವಳು ಉರಿಯುವ ಒಲೆಯ ಮೇಲೆ ಬಾಗುವವಳು, ನೀನು ಕೈಗೆ ಸಿಕ್ಕಿದ್ದನ್ನು ಸುರಿಯುವವಳು. ನಿಮ್ಮಿಬ್ಬರನ್ನು ಮತ್ತೆ ಒಂದೇ ಅಡಿಗೆಮನೆಯಲ್ಲಿ ಬಿಡುವಷ್ಟು ಹುಚ್ಚಿ ನಾನಲ್ಲ. ಇನ್ನು ಅವ್ವ ಒಲೆ ಹಚ್ಚುವುದಿಲ್ಲ. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಲೈಟರ್, ಕಡ್ಡಿಪೆಟ್ಟಿಗೆ ಎಲ್ಲ ಕಪಾಟಿನೊಳಗೆ ಇಟ್ಟು ಕೀಲಿ ಹಾಕಿದ್ದೇನೆ.

ನನಗೆ ಹೆದರಿಕೆ ಆಗಿದೆ. ನಗುವುದಿದ್ದರೆ ನಗು. ಕಣ್ಣು ಮುಚ್ಚಿದರೆ ಸೆರಗು ಉರಿಯುವುದೇ ಕಾಣುತ್ತದೆ.

ನೀನು ಮಾತು ಮುರಿಯದೆ ಇದ್ದಿದ್ದರೆ ನಾಲ್ಕು ದಿನ ಬೈದು, ದಸರಾ ಹೊತ್ತಿಗೆ ಕಳಿಸಿಕೊಡುತ್ತಿದ್ದೆನೇನೋ. ಈಗ ಆ ಮಾತೂ ಮುಗಿಯಿತು. ಅವಳನ್ನು ಇಲ್ಲಿ ಕಟ್ಟಿಹಾಕಿದವಳು ನೀನೇ. ಇದರ ಮೇಲೆ ಬರೆಯಬೇಡ.

ವಸುಧಾ


ಗಜೇಂದ್ರಗಡ
೧ ಸೆಪ್ಟೆಂಬರ್ ೨೦೨೪

ವಸುಧಕ್ಕನವರಿಗೆ,

ಬರೆಯಬೇಡ ಎಂದಿದ್ದಿರಿ. ನಾನು ಬರೆಯುತ್ತಿಲ್ಲ, ಬರೆಸುತ್ತಿದ್ದಾರೆ. ನಡುನಡುವೆ ನನ್ನದೂ ಸೇರುತ್ತದೆ, ಸಹಿಸಿಕೊಳ್ಳಿ.

ಅತ್ತೆಯವರು ಇಲ್ಲಿಗೆ ಬಂದು ಮುಟ್ಟಿದ್ದನ್ನು ನಿಮ್ಮ ತಮ್ಮ ಗುರುವಾರವೇ ಫೋನ್ ಮಾಡಿ ಹೇಳಿದ್ದಾರೆ. ನೀವು ಅವರನ್ನು ಬಾಯಿಗೆ ಬಂದಂತೆ ಬೈದದ್ದು ನನಗೂ ಕೇಳಿತು. ಹೇಗೆ ಬಂದರು ಎನ್ನುವುದು ನಿಮಗೆ ಗೊತ್ತಿಲ್ಲ. ನೀವು ಪೇಟೆಗೆ ಹೋದ ಹೊತ್ತಿನಲ್ಲಿ ಆಧಾರ್ ಕಾರ್ಡ್ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಿದ್ದಿದ್ದಾರೆ. ಕಂಡಕ್ಟರನಿಗೆ ಅದನ್ನೇ ತೋರಿಸಿದ್ದಾರೆ. ರೋಣದಲ್ಲಿ ಬಸ್ಸು ಬದಲಿಸುವಾಗ ಬೋರ್ಡು ಓದಲಿಕ್ಕೆ ಬರಲಿಲ್ಲವಂತೆ. ಸೂಡಿಗೆ ಹೋಗುವ ಹೆಣ್ಣುಮಗಳೊಬ್ಬಳು ಕೈಹಿಡಿದು ಹತ್ತಿಸಿ ಕಿಟಕಿಯ ಸೀಟು ಕೊಟ್ಟಳಂತೆ. ನಾನು ಸಾಲಿಯಿಂದ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಕೂತಿದ್ದರು.

ನನ್ನನ್ನು ಕಂಡವರೇ "ಕಡೀಕೂ ಹೇಳಿದಿ" ಎಂದರು. ಆಮೇಲೆ ಆ ದಿನವೆಲ್ಲ ನನ್ನೊಂದಿಗೆ ಮಾತಿಲ್ಲ. ನಿಮಗೆ ಸಮಾಧಾನವಾಗಲಿ ಎಂದು ಇದನ್ನು ಬರೆದೆ.

ಶುಕ್ರವಾರ ಬೆಳಿಗ್ಗೆ ಗೋಡೆಯ ಮುಂದೆ ನಿಂತರು. ಕೆಳಗಿನ ಸಾಲು ಬಿದ್ದು, ಮೇಲಿನ ಸಾಲು ಜೋತಾಡುತ್ತಿತ್ತು. ನಾನು ಬಿಟ್ಟಿದ್ದ ಚೌಕದ ಮೇಲೆ ಕೈಯಾಡಿಸಿ, "ಇದೇನ ಇದು?" ಎಂದರು. "ಗೌರಿಗೆ ಬಿಟ್ಟೇನ್ರಿ" ಎಂದೆ. "ಗೌರಿಗೆ ಕಿಡಕಿ ಬಿಟ್ಟೀಯೇನ? ಅಕಿ ಹಣಿಕಿ ಹಾಕ್ಲಿಕ್ಕೆ ಬರ್ತಾಳೇನು?" ಎಂದು ನಕ್ಕರು. ಆಮೇಲೆ ಚಾಣ ಕೇಳಿದರು. ನಾನು ಕೊಡಲಿಲ್ಲ. ನಿಮ್ಮ ತಮ್ಮ ಹೋಗಿ ಹಾಲಸಿದ್ದಪ್ಪನ ಮನೆಯಿಂದ ತಂದುಕೊಟ್ಟರು.

ಎಡಗೈಯಿಂದ ಚಾಣ ಹಿಡಿದು, ನೋಯುವ ಬಲಗೈಯಿಂದ ಮೆಲ್ಲಗೆ ಸುತ್ತಿಗೆ ಬಡಿದು ಅವರೇ ಮೊದಲು ಕಡಿದರು. ಸುಣ್ಣದ ಪದರು ಎದ್ದು ಬಂತು. ಅದರಡಿಯಲ್ಲಿ ಕೆಮ್ಮಣ್ಣಿನ ಒಂದು ಗೆರೆ, ಅದರಡಿಯಲ್ಲಿ ಮತ್ತೊಂದು ಗೆರೆ. ಒಂದು ಪದರಿನಲ್ಲಿ ಗೌರಿಯ ಪೂರಾ ಕಣ್ಣು ಕಂಡಿತು. ನಾನು ಅತ್ತುಬಿಟ್ಟೆ. ನಾನು ಯಾವ ಕಣ್ಣಿಗೆ ಚಾಣ ತಾಗಬಾರದೆಂದು ಗೌಂಡಿಯನ್ನು ಕಳಿಸಿದ್ದೆನೋ, ನೀವು ಯಾವ ಗೋಡೆಗೋಸ್ಕರ ನನ್ನನ್ನು ಇಷ್ಟು ಬೈದಿರೋ, ಅದನ್ನು ಅವರು ಗೋಣಿಚೀಲಕ್ಕೆ ತುಂಬುತ್ತಿದ್ದರು. "ಅಳಬ್ಯಾಡ, ಈ ಕಡೆ ಹಿಡಿ ಚೀಲಾ" ಎಂದರು. "ಗೌರಿಗೇನಾಗ್ತದ? ವರ್ಷಾ ಅಕಿನ್ನ ನಾನೇ ಅಳಿಸ್ತಿದ್ದೆ, ನಾನೇ ಬರೀತಿದ್ದೆ. ಉಳಿಸಿಟ್ಟಿದ್ದು ನೀವಿಬ್ಬರು."

ಕಲ್ಲು ಮಣ್ಣು ಕಾಣುವವರೆಗೆ ಕಡಿದು ಮುಗಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಸ್ನಾನ ಮಾಡಿ ಬಂದು, ಬರಿಯ ಗೋಡೆಯ ಮೇಲೆ ಒಂದು ಅಂಗೈಯಷ್ಟೇ ಸುಣ್ಣ ಬಳಿದು, ಚಿಕ್ಕದೊಂದು ಗೌರಿಯನ್ನು ಬರೆದರು. ಮೂಗು ಸೊಟ್ಟಗಾಯಿತು. ಹಾಡಿದರು. ಪೂರ್ತಿ ಹಾಡಿದರು. ನೀವು ಬರೆದದ್ದಕ್ಕೆ ಇದು ನನ್ನ ಉತ್ತರ ಎಂದು ತ್ರಾಸು ಮಾಡಿಕೊಳ್ಳಬೇಡಿ, ಆದದ್ದನ್ನು ಬರೆದೆ.

ನಿನ್ನೆಯಿಂದ ಟೈಲ್ಸ್ ಹಚ್ಚುತ್ತಿದ್ದೇವೆ. ಹಾಲಸಿದ್ದಪ್ಪ ಬರುತ್ತೇನೆ ಎಂದ. ಅತ್ತೆಯವರೇ ಬೇಡವೆಂದರು. "ಇಬ್ಬರಿದ್ದೀವಿ, ಮತ್ಯಾಕ?" ಎಂದರು. ನಾನು ಸಿಮೆಂಟು ಬಳಿದು ಕೊಡುತ್ತೇನೆ, ಅವರು ಕೂಡಿಸುತ್ತಾರೆ. ಚೌಕ ಬಿಡಗೊಡಲಿಲ್ಲ. ಮುಂದಿನ ವರ್ಷ ಟೈಲ್ಸಿನ ಮೇಲೆಯೇ ಬರೆಯುತ್ತಾರಂತೆ. ಶ್ರಾವಣ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರಾಯಿತಂತೆ. ಅವರು ಕೂಡಿಸಿದ ಸಾಲು ಬಲಕ್ಕೆ ಇಳಿದಿದೆ. ರಸಮಟ್ಟ ಇಟ್ಟು ತೋರಿಸಿದೆ. "ನನ್ನ ಕಣ್ಣಿಗೆ ಸೀದಾ ಕಾಣ್ತದ, ಬಿಡು" ಎಂದರು. ಬಿಟ್ಟೆ.

ಈಗ ಅವರು ಹೇಳಿದ ಹಾಗೆಯೇ ಬರೆಯುತ್ತೇನೆ. "ವಸುಧಾಗ ಬರಿ. ಬರೋದಿದ್ರ ಬರ್ಲಿ, ನಾಕ್ ದಿನ ಇರ್ಲಿ, ನಾ ಮಾಡಿದ್ದು ಉಂಡು ಹೋಗ್ಲಿ. ನನ್ನ ಕರಕೊಂಡ್ ಹೋಗ್ಲಿಕ್ಕೆ ಮಾತ್ರ ಬರಬ್ಯಾಡ. ಮತ್ತ ಕಪಾಟದ ಕೀಲಿ ತಗಿ ಅಂತ ಹೇಳು, ಅಳಿಯಂದ್ರಿಗೆ ಚಹಾ ಬೇಕಾಗ್ತದ."

ನನ್ನ ಮೇಲಿನ ಸಿಟ್ಟು ನಿಮಗೆ ಹೋಗಿಲ್ಲ, ನಿಮ್ಮ ಮೇಲಿನದು ನನಗೂ ಹೋಗಿಲ್ಲ. ಸುರಿದೆಯೋ ಎಂದು ಕೇಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆದರೆ ಕಣ್ಣು ಮುಚ್ಚಿದರೆ ಸೆರಗು ಉರಿಯುವುದು ಕಾಣುತ್ತದೆ ಎಂದು ಬರೆದಿರಲ್ಲ, ಅದು ನನಗೂ ಕಾಣುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಅತ್ತೆಯವರು ಸೆರಗನ್ನು ಸೊಂಟಕ್ಕೆ ಬಿಗಿದು ಒಲೆ ಹಚ್ಚಿದರು. ಒಗ್ಗರಣೆ ಹಾಕಿದರು. ಎಣ್ಣೆ ಸಿಡಿದು ಹೊಸ ಟೈಲ್ಸಿಗೆ ಹತ್ತಿತು, ಬಟ್ಟೆಯಿಂದ ಒರೆಸಿದರು, ಹೋಯಿತು. ನಾನು ಅವರ ಹಿಂದೆ ಬಕೆಟ್ ಹಿಡಿದುಕೊಂಡು ನಿಂತಿದ್ದೆ. ಅವರು ತಿರುಗಿ ನೋಡಿದರು.

"ಅದರಾಗೇನದ?" ಎಂದರು.

"ನೀರ್ರಿ" ಎಂದೆ.

ಬೆರಳು ಅದ್ದಿ ನೋಡಿ, "ಇರ್ಲಿ, ಅಲ್ಲೇ ನಿಂದರು" ಎಂದರು.

ಪದ್ಮಶ್ರೀ